ನಿಮಿಷಕ್ಕೆ 30 ಬಡಿತ, ಮಣಿಪಾಲಕ್ಕೆ 35 ಕಿಲೋಮೀಟರ್

ಎಪ್ಪತ್ತು ದಾಟಿದವರೊಬ್ಬರು ಬಚ್ಚಲಿನಿಂದ ಹೊರಬರುವಾಗ ಕಣ್ಣಿಗೆ ಕತ್ತಲೆ ಕಟ್ಟಿ ಬಿದ್ದರೆ ನಮ್ಮ ಕರಾವಳಿಯ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು 'ಪಿತ್ತ'. ಎರಡನೆಯದು 'ಗ್ಯಾಸ್'. ಮೂರನೆಯದು 'ಬಿಪಿ ಲೋ ಆಗಿರಬೇಕು'. ಒಬ್ಬರು ಬೊಂಡ ಕೆತ್ತಲು ಓಡುತ್ತಾರೆ, ಇನ್ನೊಬ್ಬರು ಸೋಡಾಕ್ಕೆ ಲಿಂಬೆ ಹಿಂಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬಿದ್ದವರು ತಾವಾಗಿ ಎದ್ದು ಕೂತು 'ಎಂಥದೂ ಇಲ್ಲ ಮಾರಾಯ್ರೆ' ಎಂದುಬಿಟ್ಟರೆ ವಿಷಯ ಅಲ್ಲಿಗೆ ಮುಗಿಯಿತು. ಇಷ್ಟೆಲ್ಲ ಓಡಾಟದ ನಡುವೆ ಯಾರೂ ಮಾಡದೇ ಉಳಿಯುವ ಕೆಲಸ ಒಂದಿದೆ: ಕೈಹಿಡಿದು ನಾಡಿ ಎಣಿಸುವುದು.

ಎಣಿಸಿದ್ದರೆ, ಹೀಗೆ ಬಿದ್ದವರಲ್ಲಿ ಕೆಲವರ ನಾಡಿ ನಿಮಿಷಕ್ಕೆ 30ರ ಆಸುಪಾಸಿನಲ್ಲಿರುವುದು ತಿಳಿಯುತ್ತಿತ್ತು. ಸುಮ್ಮನೆ ಕೂತ ವಯಸ್ಕರ ಹೃದಯ ಸಾಮಾನ್ಯವಾಗಿ 60ರಿಂದ 100 ಸಲ ಬಡಿಯುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತದಂತೆ ನಿಮಿಷಕ್ಕೆ ಹೆಚ್ಚುಕಡಿಮೆ ಐದು ಲೀಟರ್ ರಕ್ತ ಮೈಯೆಲ್ಲ ಸುತ್ತಬೇಕು. ಬಡಿತ ಅರ್ಧಕ್ಕಿಳಿದಾಗ ಹೃದಯ ಪ್ರತಿ ಸಲ ಇನ್ನಷ್ಟು ರಕ್ತ ತುಂಬಿಕೊಂಡು ಕೊರತೆಯನ್ನು ಸರಿದೂಗಿಸಲು ನೋಡುತ್ತದೆ. ವಯಸ್ಸಾಗಿ ಬಿಗಿದುಕೊಂಡ ಹೃದಯದಲ್ಲಿ ಈ ಸರಿದೂಗಿಸುವಿಕೆಗೆ ಬೇಗ ಮಿತಿ ಬರುತ್ತದೆ. ಆಗ ಮಿದುಳಿಗೆ ರಕ್ತ ಸಾಲದೆ ಪ್ರಜ್ಞೆ ತಪ್ಪುತ್ತದೆ, ಮೂತ್ರಪಿಂಡ ಸೊರಗುತ್ತದೆ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ.

ಇಂಥವರಲ್ಲಿ ಅನೇಕರಿಗೆ ಕೊನೆಗೆ ಬೇಕಾಗುವುದು ಎದೆಯ ಚರ್ಮದಡಿ ಕೂರಿಸುವ ಪೇಸ್‌ಮೇಕರ್. ಅದನ್ನು ಕೂರಿಸಲು ಕ್ಯಾಥ್ ಲ್ಯಾಬ್ ಬೇಕು, ಹೃದ್ರೋಗ ತಜ್ಞರು ಬೇಕು. ಬಿದ್ದ ಮನೆಯಿಂದ ಆ ಲ್ಯಾಬಿನ ಮೇಜಿನವರೆಗಿನ ಹೊತ್ತನ್ನು ಹೇಗೆ ದಾಟಿಸುವುದು ಎಂಬುದಕ್ಕೆ ತುರ್ತು ಚಿಕಿತ್ಸೆಯಲ್ಲಿ ಒಂದು ಉತ್ತರವಿದೆ. ಎದೆಗೂ ಬೆನ್ನಿಗೂ ಅಂಗೈಗಿಂತ ದೊಡ್ಡದಾದ ಎರಡು ಅಂಟು ಪ್ಯಾಡ್‌ಗಳನ್ನು ಹಚ್ಚಿ, ಚರ್ಮದ ಮೇಲಿನಿಂದಲೇ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೃದಯವನ್ನು ಬಡಿಸುವುದು. ಸೂಜಿ ಇಲ್ಲ, ಕೊಯ್ತ ಇಲ್ಲ. ವೈದ್ಯರು ಇದನ್ನು ಎಕ್ಸ್‌ಟರ್ನಲ್ ಪೇಸಿಂಗ್ ಅಥವಾ ಟ್ರಾನ್ಸ್‌ಕ್ಯುಟೇನಿಯಸ್ ಪೇಸಿಂಗ್ ಎನ್ನುತ್ತಾರೆ.

ಈ ಉಪಾಯ ರೋಗವನ್ನು ವಾಸಿ ಮಾಡುವುದಿಲ್ಲ, ಹೊತ್ತು ಕೊಡುತ್ತದೆ. ಉಡುಪಿ ಜಿಲ್ಲೆಯಂಥ ಅಳತೆಯ ಊರಿಗೆ, ಅಂದರೆ ಕಾಪುವಿನಿಂದ ಉಡುಪಿಗೆ 15 ಕಿಲೋಮೀಟರಿನೊಳಗೆ, ಕಾರ್ಕಳದಿಂದ ಮಣಿಪಾಲಕ್ಕೆ ಸುಮಾರು 35 ಕಿಲೋಮೀಟರ್ ಇರುವ ಕಡೆ, ಆ ಹೊತ್ತು ಬಹುಮಟ್ಟಿಗೆ ಸಾಕಾಗುತ್ತದೆ. ಆದರೆ ಎರಡು ಷರತ್ತುಗಳಿವೆ. ಪ್ಯಾಡ್ ಹಚ್ಚುವ ಮೊದಲು ಯಾರಾದರೂ ಇಸಿಜಿ ತೆಗೆದು ರೋಗವನ್ನು ಗುರುತಿಸಿರಬೇಕು. ಪ್ಯಾಡ್ ಹಚ್ಚಿದ ಮೇಲೆ ಯಾರಾದರೂ ಪರದೆ ಬಿಟ್ಟು ರೋಗಿಯ ನಾಡಿ ಮುಟ್ಟಿ ನೋಡಿರಬೇಕು.

ಪೈಪಿನ ಬ್ಲಾಕು, ಕರೆಂಟಿನ ಬ್ಲಾಕು

'ಹಾರ್ಟಿನಲ್ಲಿ ಬ್ಲಾಕ್ ಉಂಟಂತೆ' ಎಂದು ಯಾರಾದರೂ ಹೇಳಿದರೆ ಕೇಳಿದವರೆಲ್ಲ ಅರ್ಥ ಮಾಡಿಕೊಳ್ಳುವುದು ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ, ಸ್ಟೆಂಟ್ ಹಾಕಬೇಕು ಎಂದು. ಹೃದಯ ನಿಧಾನವಾಗುವ 'ಹಾರ್ಟ್ ಬ್ಲಾಕ್' ಬೇರೆಯೇ ಕಾಯಿಲೆ. ಅಡಿಕೆ ತೋಟದ ಪಂಪ್‌ಸೆಟ್ ನೀರು ಕೊಡದಿರಲು ಪೈಪಿನಲ್ಲಿ ಕಸ ಸಿಕ್ಕಿರಬಹುದು, ಇಲ್ಲವೇ ಮೋಟಾರಿಗೆ ಕರೆಂಟೇ ಬಾರದಿರಬಹುದು. ಪೈಪು ಬಿಚ್ಚಿ ತೊಳೆದು ಎರಡನೆಯ ತೊಂದರೆಯನ್ನು ಸರಿಪಡಿಸಲಾಗದು. ಸ್ಟೆಂಟ್ ಮೊದಲಿನದಕ್ಕೆ, ಪೇಸಿಂಗ್ ಎರಡನೆಯದಕ್ಕೆ.

ಹೃದಯದ ವಿದ್ಯುತ್ತು ಹುಟ್ಟುವುದು ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಸೈನಸ್ ಗಂಟಿನಲ್ಲಿ. ಇದನ್ನು 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಗುರುತಿಸಿದರು. ಅಲ್ಲಿಂದ ಹೊರಟ ಸಂಕೇತ ಮೇಲ್ಕೋಣೆಗಳನ್ನು ಹಾದು, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ಗಂಟಿನಲ್ಲಿ ಕ್ಷಣಕಾಲ ತಡೆದು, ಸೂಕ್ಷ್ಮ ನಾರುಗಳ ಮೂಲಕ ಕೆಳಕೋಣೆಗಳಿಗೆ ಹರಡುತ್ತದೆ. ಈ ಎವಿ ಗಂಟನ್ನು 1906ರಲ್ಲಿ ವಿವರಿಸಿದವರು ಜಪಾನಿನ ಸುನಾವೊ ತವಾರಾ. ಎವಿ ಗಂಟಿನಲ್ಲೋ ಅದರ ಕೆಳಗೋ ದಾರಿ ಪೂರ್ತಿ ಕಡಿದುಹೋದರೆ ಮೇಲ್ಕೋಣೆಗಳು ತಮ್ಮಷ್ಟಕ್ಕೆ 80ರ ವೇಗದಲ್ಲಿ ಬಡಿಯುತ್ತಿರುತ್ತವೆ. ಕೆಳಕೋಣೆಗಳು ಮೇಲಿನ ಆಜ್ಞೆಗೆ ಕಾಯದೆ ತಮ್ಮದೇ ನಿಧಾನ ಗತಿಗೆ ಇಳಿಯುತ್ತವೆ. ಕಡಿತ ಮೇಲ್ಭಾಗದಲ್ಲಿದ್ದರೆ 40ರಿಂದ 60, ಕೆಳಗಿದ್ದರೆ 20ರಿಂದ 40. ಇದೇ ಸಂಪೂರ್ಣ ಹಾರ್ಟ್ ಬ್ಲಾಕ್. ಈ ಕೆಳಗಿನ ಆಸರೆಯ ಲಯ ನಂಬಿಕೆಗೆ ಯೋಗ್ಯವಲ್ಲ. ಕೆಲವು ಸೆಕೆಂಡು ಅದೂ ನಿಂತರೆ ಮನುಷ್ಯ ದೊಪ್ಪನೆ ಬೀಳುತ್ತಾನೆ, ಮತ್ತೆ ಶುರುವಾದರೆ ಮುಖ ಕೆಂಪಾಗಿ ಏನೂ ಆಗದವನಂತೆ ಎದ್ದು ಕೂರುತ್ತಾನೆ. ಹೀಗೆ ಬಿದ್ದೇಳುವ ರೋಗಿಗಳನ್ನು 19ನೇ ಶತಮಾನದಲ್ಲಿಯೇ ಐರ್ಲೆಂಡಿನ ರಾಬರ್ಟ್ ಆಡಮ್ಸ್ ಮತ್ತು ವಿಲಿಯಂ ಸ್ಟೋಕ್ಸ್ ವರ್ಣಿಸಿದ್ದರು. ಇಂದಿಗೂ ಅದಕ್ಕೆ ಅವರದೇ ಹೆಸರು. 'ಎಂಥದೂ ಇಲ್ಲ' ಎಂದು ಎದ್ದು ಕೂತವರಲ್ಲಿ ಅಪಾಯ ಅಡಗಿರುವುದು ಇಲ್ಲಿಯೇ.

ನಾಡಿ ನಿಧಾನ ಇದ್ದ ಮಾತ್ರಕ್ಕೆ ಎಲ್ಲವೂ ರೋಗವಲ್ಲ ಎಂಬುದನ್ನೂ ಹೇಳಬೇಕು. ದಿನವೂ ಓಡುವವರ, ಈಜುವವರ, ಗಾಢ ನಿದ್ದೆಯಲ್ಲಿರುವವರ ನಾಡಿ 45ಕ್ಕೆ ಇಳಿಯುವುದುಂಟು. ಅಂಥವರಿಗೆ ಚಿಕಿತ್ಸೆ ಬೇಕಿಲ್ಲ. ನಿಧಾನ ನಾಡಿಯ ಜೊತೆಗೆ ತಲೆ ತಿರುಗುವುದು, ಮಂಕು, ಎದೆನೋವು, ಉಬ್ಬಸ, ತಣ್ಣಗಿನ ಬೆವರು, ಇಳಿದ ರಕ್ತದೊತ್ತಡ ಇದ್ದರೆ ಅದು ತುರ್ತು.

ಹೃದಯ ನಿಧಾನವಾಗುವ ಬಗೆಗಳು

ವಯಸ್ಸು ಎಲ್ಲಕ್ಕಿಂತ ಸಾಮಾನ್ಯ ಕಾರಣ. ಸಂಕೇತ ಹರಿಯುವ ನಾರುಗಳ ಜಾಗದಲ್ಲಿ ವರ್ಷಗಳು ಕಳೆದಂತೆ ಗಾಯದ ಅಂಗಾಂಶ ತುಂಬಿಕೊಳ್ಳುತ್ತದೆ. ಎರಡನೆಯದು ಹೃದಯಾಘಾತ. ಎವಿ ಗಂಟಿಗೆ ಬಹುಪಾಲು ಜನರಲ್ಲಿ ರಕ್ತ ಒದಗಿಸುವುದು ಬಲ ಕೊರೊನರಿ ನಾಳ. ಅದು ಕಟ್ಟಿದಾಗ ಹೃದಯದ ಕೆಳಗೋಡೆಗೆ ಏಟು ಬೀಳುವುದರ ಜೊತೆಗೆ ಬಡಿತವೂ ಕುಸಿಯಬಹುದು. ಈ ಬಗೆಯ ಬ್ಲಾಕ್ ಅನೇಕ ಸಲ ಕೆಲವು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆದ್ದರಿಂದಲೇ ಆ ಕೆಲವು ದಿನಗಳನ್ನು ದಾಟಿಸುವ ತಾತ್ಕಾಲಿಕ ಪೇಸಿಂಗ್‌ಗೆ ಅಷ್ಟು ಬೆಲೆ.

ಮೂರನೆಯದು ನಮ್ಮದೇ ಮಾತ್ರೆಯ ಡಬ್ಬಿ. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್, ಡಿಲ್ಟಿಯಾಜೆಮ್, ವೆರಪಮಿಲ್, ಡಿಗಾಕ್ಸಿನ್ ಎಲ್ಲವೂ ಬಡಿತವನ್ನು ತಗ್ಗಿಸುವಂಥವು. ವೈದ್ಯರು ಕೊಟ್ಟ ಅಳತೆಯಲ್ಲಿ ಅವು ಉಪಕಾರಿಗಳೇ. ಆದರೆ ವಾಂತಿ ಭೇದಿಯಿಂದ ಬಳಲಿದ, ಮೂತ್ರಪಿಂಡ ಸೋತ ಹಿರಿಯರಲ್ಲಿ ಔಷಧ ಮೈಯಲ್ಲೇ ಉಳಿದು, ರಕ್ತದ ಪೊಟ್ಯಾಶಿಯಂ ಏರಿ, ಎರಡೂ ಸೇರಿ ಹೃದಯವನ್ನು ಕಟ್ಟಿಹಾಕಿಬಿಡುತ್ತವೆ. ಬಡಿತ ಇಳಿದಷ್ಟೂ ಮೂತ್ರಪಿಂಡಕ್ಕೆ ರಕ್ತ ಕಡಿಮೆ. ಮೂತ್ರಪಿಂಡ ಸೋತಷ್ಟೂ ಪೊಟ್ಯಾಶಿಯಂ ಹೆಚ್ಚು. ಇಲ್ಲಿ ನಮ್ಮ ಬೊಂಡದ ವಿಷಯ ಬರುತ್ತದೆ. ಬೊಂಡದ ನೀರಿನಲ್ಲಿ ಪೊಟ್ಯಾಶಿಯಂ ಧಾರಾಳ. ಗಟ್ಟಿ ಮೂತ್ರಪಿಂಡ ಅದನ್ನು ಸಲೀಸಾಗಿ ಹೊರಹಾಕುತ್ತದೆ. ಕಿಡ್ನಿ ಕಾಯಿಲೆ ಇರುವವರು ಸುಸ್ತಾಗಿ ಬಿದ್ದಾಗ ಒಂದರ ಮೇಲೊಂದು ಬೊಂಡ ಕುಡಿಸುವುದು ಮಾತ್ರ ಉರಿಗೆ ತುಪ್ಪ ಸುರಿದಂತೆ. ಪೊಟ್ಯಾಶಿಯಂ ಬಹಳ ಏರಿದ್ದಾಗ ಪೇಸಿಂಗ್ ಯಂತ್ರದ ಮಿಡಿತಕ್ಕೂ ಹೃದಯ ಸ್ಪಂದಿಸದಿರಬಹುದು. ಅಲ್ಲಿ ಮೊದಲ ಔಷಧ ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ.

ಇನ್ನೆರಡು ಕಾರಣಗಳು ಇಲ್ಲಿಯ ಮಣ್ಣಿಗೆ ಸೇರಿದವು. ಬೇಲಿಯ ಬದಿಯ ಹಳದಿ ಕಣಗಿಲೆಯಲ್ಲಿ ಡಿಗಾಕ್ಸಿನ್ ಜಾತಿಯ ವಿಷವಿದೆ. ಅದು ಹೊಟ್ಟೆಗೆ ಸೇರಿದವರಲ್ಲಿ ವಾಂತಿಯಾಗಿ ನಿಂತಿತು ಎಂದುಕೊಂಡಾಗಲೂ ಗಂಟೆಗಳ ಬಳಿಕ ಹಾರ್ಟ್ ಬ್ಲಾಕ್ ಕಾಣಿಸಿಕೊಳ್ಳಬಹುದು. ಹಾಗಾಗಿ ಅಂಥವರನ್ನು ಆಸ್ಪತ್ರೆಯ ಮಾನಿಟರಿನಡಿ ಇಡಲೇಬೇಕು. ಮಳೆಗಾಲದಲ್ಲಿ ಗದ್ದೆಯ ಕೆಸರಿನಿಂದ ಬರುವ ಇಲಿಜ್ವರವೂ ಕೆಲವರಲ್ಲಿ ಹೃದಯದ ಸ್ನಾಯುವಿಗೆ ತಗುಲಿ ಲಯ ಕೆಡಿಸುವುದುಂಟು. ಈ ಎರಡರಲ್ಲೂ ವಿಷ ಇಳಿಯುವ, ಜ್ವರ ಬಿಡುವ ತನಕ ಹೃದಯವನ್ನು ನಡೆಸಿದರೆ ಸಾಕಾಗಬಹುದು. ಶಾಶ್ವತ ಪೇಸ್‌ಮೇಕರ್ ಬೇಕೆಂದೇನೂ ಇಲ್ಲ.

ಬಾಸ್ಟನ್, 1952

ಹೊರಗಿನಿಂದ ವಿದ್ಯುತ್ತು ಕೊಟ್ಟು ಹೃದಯ ಬಡಿಸಬಹುದೆಂಬ ಯೋಚನೆ ಹಳೆಯದು. ಸ್ಕಾಟ್‌ಲೆಂಡಿನ ಅಬರ್ಡೀನಿನ ಜಾನ್ ಮ್ಯಾಕ್‌ವಿಲಿಯಂ 1889ರಲ್ಲಿಯೇ ಅದನ್ನು ಬರೆದಿದ್ದರು. ಆಸ್ಟ್ರೇಲಿಯಾದ ಮಾರ್ಕ್ ಲಿಡ್ವಿಲ್ 1920ರ ದಶಕದಲ್ಲಿ ಸೂಜಿಯೊಂದನ್ನು ಹೃದಯಕ್ಕೆ ಚುಚ್ಚಿ ನವಜಾತ ಶಿಶುವೊಂದನ್ನು ಉಳಿಸಿದರು. ನ್ಯೂಯಾರ್ಕಿನ ಆಲ್ಬರ್ಟ್ ಹೈಮನ್ 1932ರಲ್ಲಿ ಕೈಯಿಂದ ಕೀಲಿ ತಿರುಗಿಸುವ ಯಂತ್ರ ಮಾಡಿ ಅದಕ್ಕೆ ಆರ್ಟಿಫಿಶಿಯಲ್ ಪೇಸ್‌ಮೇಕರ್ ಎಂದು ಹೆಸರಿಟ್ಟರು. ಕೊನೆಯ ಎರಡೂ ಹೃದಯಕ್ಕೆ ಸೂಜಿ ಇಳಿಸಬೇಕಾದವು. ಚರ್ಮ ದಾಟದೆ ಮನುಷ್ಯರ ಹೃದಯವನ್ನು ನಡೆಸಿ ತೋರಿಸಿದವರು ಬಾಸ್ಟನ್‌ನ ಬೆತ್ ಇಸ್ರೇಲ್ ಆಸ್ಪತ್ರೆಯ ಪಾಲ್ ಝೋಲ್.

ಎರಡನೆಯ ಮಹಾಯುದ್ಧದಲ್ಲಿ ಝೋಲ್ ಅವರು ಇಂಗ್ಲೆಂಡಿನ ಸೇನಾ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯ ಡ್ವೈಟ್ ಹಾರ್ಕೆನ್ ಜೊತೆ ಕೆಲಸ ಮಾಡಿದ್ದರು. ಸೈನಿಕರ ಹೃದಯದಿಂದ ಸಿಡಿಗುಂಡಿನ ಚೂರು ತೆಗೆಯುವಾಗ, ಹೃದಯವನ್ನು ಸ್ವಲ್ಪ ಮುಟ್ಟಿದರೂ ಅದು ಬಡಿಯುವುದನ್ನು ಅವರು ಕಂಡಿದ್ದರು. ಇಷ್ಟು ಸುಲಭದಲ್ಲಿ ಕೆರಳುವ ಅಂಗ ಸುಮ್ಮನೆ ನಿಂತುಹೋಗಿ ಜನ ಸಾಯುವುದನ್ನು ನೋಡುತ್ತ ಕೂರಬೇಕೇ ಎಂಬುದು ಅವರ ಪ್ರಶ್ನೆ. ಹಾರ್ವರ್ಡಿನ ಪ್ರಯೋಗಾಲಯದಿಂದ ಎರವಲು ತಂದ ಸ್ಟಿಮ್ಯುಲೇಟರ್ ಒಂದರಿಂದ ಅವರು ರೋಗಿಗಳ ಎದೆಯ ಮೇಲಿಂದ ಮಿಡಿತ ಕೊಟ್ಟರು. ಮೊದಲ ರೋಗಿ ಬದುಕಲಿಲ್ಲ. 65ರ ವಯಸ್ಸಿನ ಎರಡನೆಯ ರೋಗಿಯ ಹೃದಯ ಮತ್ತೆ ಮತ್ತೆ ನಿಲ್ಲುತ್ತಿದ್ದಾಗ ಯಂತ್ರ ಒಟ್ಟು 52 ಗಂಟೆ ಅದನ್ನು ನಡೆಸಿತು. ಅವರು ಚೇತರಿಸಿಕೊಂಡು ಮನೆಗೆ ಹೋದರು. 1952ರ ನವೆಂಬರಿನಲ್ಲಿ ಈ ವರದಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು.

ಯಂತ್ರ ಜೀವ ಉಳಿಸಿತು, ಆದರೆ ಸಂಕಟ ಅಷ್ಟಿಷ್ಟಲ್ಲ. 100ರಿಂದ 150 ವೋಲ್ಟಿನ ಮಿಡಿತ ಸಣ್ಣ ಲೋಹದ ಬಿಲ್ಲೆಗಳ ಮೂಲಕ ಎದೆಗೆ ಹೋಗುತ್ತಿತ್ತು. ಪ್ರತಿ ಬಡಿತಕ್ಕೂ ಎದೆಯ ಸ್ನಾಯು ಎಳೆಯುತ್ತಿತ್ತು, ಚರ್ಮ ಸುಡುತ್ತಿತ್ತು. ಯಂತ್ರ ಗೋಡೆಯ ಕರೆಂಟಿಗೆ ಕಟ್ಟಿಹಾಕಿದಂತಿತ್ತು. ಎಳೆಯ ಮಕ್ಕಳಿಗಂತೂ ಇದು ಸಹಿಸಲಾಗದ್ದು. ಹಾಗಾಗಿ ಮಿನಿಯಾಪೊಲಿಸ್‌ನ ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಹೃದಯಕ್ಕೇ ತಂತಿ ಹೊಲಿಯುವ ದಾರಿ ಹಿಡಿದರು. 1957ರ ಅಕ್ಟೋಬರ್ 31ರಂದು ಆ ನಗರದಲ್ಲಿ ಕರೆಂಟು ಹೋಯಿತು. ಗೋಡೆಯ ವಿದ್ಯುತ್ತನ್ನೇ ನಂಬಿದ ಈ ಯಂತ್ರಗಳ ಅಪಾಯ ಆಗ ಎಲ್ಲರಿಗೂ ಮನದಟ್ಟಾಯಿತು. ಲಿಲ್ಲೆಹೈ ಕೇಳಿದ್ದಕ್ಕೆ ಅರ್ಲ್ ಬ್ಯಾಕನ್ ಎಂಬ ತಂತ್ರಜ್ಞ ಬ್ಯಾಟರಿಯಿಂದ ನಡೆಯುವ ಪುಟ್ಟ ಪೇಸ್‌ಮೇಕರ್ ಕಟ್ಟಿಕೊಟ್ಟರು. ಮರುವರ್ಷ, 1958ರಲ್ಲಿ, ಸ್ವೀಡನ್ನಿನಲ್ಲಿ ಓಕೆ ಸೆನ್ನಿಂಗ್ ಮತ್ತು ರೂನೆ ಎಲ್ಮ್‌ಕ್ವಿಸ್ಟ್ ಮೈಯೊಳಗೇ ಕೂರುವ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬವರಿಗೆ ಅಳವಡಿಸಿದರು. ಅದೇ ವರ್ಷ ನ್ಯೂಯಾರ್ಕಿನ ಸೀಮೋರ್ ಫರ್ಮನ್ ರಕ್ತನಾಳದ ಮೂಲಕ ತಂತಿ ಇಳಿಸಿ ಹೃದಯ ನಡೆಸಿದರು. ಲಾರ್ಸನ್ ಹಲವು ಯಂತ್ರಗಳನ್ನು ಬದಲಿಸಿಕೊಳ್ಳುತ್ತ 2001ರವರೆಗೆ ಬದುಕಿದರು. ಹೊರಗಿನ ಪೇಸಿಂಗ್ ಮೂಲೆ ಸೇರಿತು.

ಅದನ್ನು ಮೂಲೆಯಿಂದ ಎತ್ತಿ ತಂದವರೂ ಝೋಲ್ ಅವರೇ, 1980ರ ದಶಕದ ಆರಂಭದಲ್ಲಿ, ಎಪ್ಪತ್ತರ ಹರೆಯದಲ್ಲಿ. ಮಾಡಿದ ಬದಲಾವಣೆ ಎರಡು. ಒಂದು, ಸಣ್ಣ ಬಿಲ್ಲೆಯ ಬದಲು ಅಗಲವಾದ ಜೆಲ್ ಪ್ಯಾಡ್. ಕರೆಂಟು ಹರಡಿ ಹೋಗುವುದರಿಂದ ಚರ್ಮದ ಒಂದೇ ಬಿಂದು ಸುಡುವುದಿಲ್ಲ. ಎರಡು, 2 ಮಿಲಿಸೆಕೆಂಡಿನ ಚುಚ್ಚುವ ಮಿಡಿತದ ಬದಲು 40 ಮಿಲಿಸೆಕೆಂಡಿನ ನಿಧಾನ ಮಿಡಿತ. ಚರ್ಮದ ನರ ಮತ್ತು ಎದೆಯ ಸ್ನಾಯು ಚುರುಕಾದ ಏಟಿಗೆ ಬೇಗ ಕೆರಳುತ್ತವೆ. ಹೃದಯದ ಸ್ನಾಯುವಾದರೋ ಉದ್ದನೆಯ ಮಿಡಿತಕ್ಕೆ ಕಡಿಮೆ ಕರೆಂಟಿನಲ್ಲೇ ಓಗೊಡುತ್ತದೆ. ಈ ವ್ಯತ್ಯಾಸವನ್ನು ಹಿಡಿದದ್ದರಿಂದ ನೋವು ಸಹಿಸುವ ಮಟ್ಟಕ್ಕೆ ಇಳಿಯಿತು. ಇಂದು ತುರ್ತು ಘಟಕಗಳಲ್ಲಿರುವ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್‌ಗಳ 'ಪೇಸರ್' ಗುಂಡಿಯ ಹಿಂದೆ ಇರುವುದು ಈ ತಿದ್ದುಪಡಿ. ಝೋಲ್ 1999ರಲ್ಲಿ ತೀರಿಕೊಂಡರು.

ಪರದೆ ಹೇಳುವುದು, ನಾಡಿ ಹೇಳುವುದು

ರೋಗಿ ತುರ್ತು ಘಟಕಕ್ಕೆ ಬಂದಾಗ ನಡೆಯುವ ಕೆಲಸಗಳ ಕ್ರಮ ಹೀಗೆ. ಉಸಿರಾಟ ನೋಡುವುದು, ಬೇಕಿದ್ದರೆ ಆಕ್ಸಿಜನ್ ಕೊಡುವುದು, ರಕ್ತನಾಳಕ್ಕೆ ಸೂಜಿ ಹಾಕುವುದು, ಮಾನಿಟರ್ ಜೋಡಿಸಿ ಇಸಿಜಿ ತೆಗೆಯುವುದು. ಮೊದಲ ಔಷಧ ಅಟ್ರೊಪಿನ್. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2020ರ ಮಾರ್ಗಸೂಚಿಯ ಪ್ರಕಾರ ಒಂದು ಸಲಕ್ಕೆ 1 ಮಿಲಿಗ್ರಾಂ, ಮೂರರಿಂದ ಐದು ನಿಮಿಷಕ್ಕೊಮ್ಮೆ, ಒಟ್ಟು 3 ಮಿಲಿಗ್ರಾಂವರೆಗೆ. ಕಡಿತ ಎವಿ ಗಂಟಿಗಿಂತ ಕೆಳಗಿದ್ದರೆ ಅಟ್ರೊಪಿನ್ ಬಹುತೇಕ ಕೆಲಸ ಮಾಡುವುದಿಲ್ಲ. ಆಗ ಡೋಪಮಿನ್ ಇಲ್ಲವೇ ಅಡ್ರಿನಾಲಿನ್ ಡ್ರಿಪ್ ಅಥವಾ ಪೇಸಿಂಗ್. ಸ್ಥಿತಿ ಬಿಗಡಾಯಿಸುತ್ತಿದ್ದರೆ ಔಷಧದ ಫಲಕ್ಕೆ ಕಾಯುತ್ತ ಕೂರುವಂತಿಲ್ಲ.

ಪ್ಯಾಡ್ ಹಚ್ಚುವುದರಲ್ಲೂ ಊರಿಗೆ ತಕ್ಕ ಸೂಕ್ಷ್ಮಗಳಿವೆ. ಕರಾವಳಿಯ ಸೆಖೆಯಲ್ಲಿ, ಅದರ ಮೇಲೆ ರೋಗದ ಬೆವರಿನಲ್ಲಿ, ಒದ್ದೆ ಎದೆಗೆ ಪ್ಯಾಡ್ ಅಂಟುವುದೇ ಇಲ್ಲ, ಒರೆಸಿ ಒಣಗಿಸಬೇಕು. ಕೂದಲು ದಟ್ಟವಾಗಿದ್ದರೆ ಕತ್ತರಿಸಬೇಕೇ ಹೊರತು ಬ್ಲೇಡಿನಿಂದ ಬೋಳಿಸಬಾರದು. ಗೀರಿದ ಚರ್ಮದ ಮೇಲೆ ಕರೆಂಟು ಹೆಚ್ಚು ಉರಿಯುತ್ತದೆ. ಕರಿಮಣಿ, ಚಿನ್ನದ ಸರ, ತಾಯತಗಳನ್ನು ಪ್ಯಾಡಿನ ಕೆಳಗೆ ಬಾರದಂತೆ ಸರಿಸಬೇಕು. ಸಾಮಾನ್ಯವಾಗಿ ಒಂದು ಪ್ಯಾಡ್ ಎದೆಯ ಎಡಕ್ಕೆ, ಇನ್ನೊಂದು ಬೆನ್ನಿನ ಎಡಭಾಗದಲ್ಲಿ ಭುಜದ ಎಲುಬಿನ ಕೆಳಗೆ; ಹೃದಯ ಎರಡರ ನಡುವೆ ಸಿಗಬೇಕು. ಇದರ ಜೊತೆಗೆ ಮಾನಿಟರಿನ ಇಸಿಜಿ ತಂತಿಗಳನ್ನೂ ಬೇರೆಯಾಗಿ ಜೋಡಿಸಬೇಕು. ಹೃದಯದ ಸ್ವಂತ ಬಡಿತವನ್ನು ಯಂತ್ರ ಗುರುತಿಸಿ, ಬೇಕಾದಾಗ ಮಾತ್ರ ಮಿಡಿತ ಕೊಡಲು ಅದು ಅಗತ್ಯ.

ರೋಗಿ ಎಚ್ಚರವಿದ್ದರೆ ಮೊದಲು ಹೇಳಬೇಕು: ಎದೆ ಎಳೆದಂತಾಗುತ್ತದೆ, ಬಡಿದಂತಾಗುತ್ತದೆ, ಹೆದರಬೇಡಿ. ನೋವಿಗೂ ಮಂಪರಿಗೂ ಔಷಧ ಕೊಡಬೇಕು. ನಂತರ ವೇಗವನ್ನು 60ರಿಂದ 80ರ ನಡುವೆ ಇಟ್ಟು, ಕರೆಂಟನ್ನು ಕಡಿಮೆಯಿಂದ ಶುರುಮಾಡಿ 5–10 ಮಿಲಿ ಆಂಪಿಯರಿನ ಮೆಟ್ಟಿಲಿನಲ್ಲಿ ಏರಿಸುತ್ತ ಹೋಗುತ್ತಾರೆ. ಹೆಚ್ಚಿನವರಲ್ಲಿ 40ರಿಂದ 80ರ ನಡುವೆ ಹೃದಯ ಓಗೊಡುತ್ತದೆ. ದಪ್ಪ ಮೈಯವರಲ್ಲಿ, ಉಬ್ಬಿದ ಶ್ವಾಸಕೋಶದವರಲ್ಲಿ, ಹೃದಯದ ಸುತ್ತ ನೀರು ತುಂಬಿದವರಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಒಂದು ಪೇಸಿಂಗ್ ಮಿಡಿತದ ಶಕ್ತಿ ಒಂದು ಜೂಲ್‌ನ ಸಣ್ಣ ಪಾಲು ಮಾತ್ರ. ಹೃದಯದ ಕಂಪನ ಬಿಡಿಸಲು ಕೊಡುವ ಶಾಕ್ 120ರಿಂದ 200 ಜೂಲ್. ಹಾಗಾಗಿ ಪೇಸಿಂಗ್ ನಡೆಯುವಾಗ ರೋಗಿಯನ್ನು ಮುಟ್ಟಿದ ನರ್ಸಿಗೂ ಅಪಾಯವಿಲ್ಲ, ಎದೆ ಒತ್ತಬೇಕಾಗಿ ಬಂದರೆ ಯಂತ್ರ ನಿಲ್ಲಿಸಬೇಕಾಗಿಯೂ ಇಲ್ಲ.

ಇಷ್ಟಾದ ಮೇಲೆ ಬರುತ್ತದೆ ಈ ವಿದ್ಯೆಯ ಅತಿ ದೊಡ್ಡ ಹೊಂಡ. ಯಂತ್ರ ಮಿಡಿತ ಕೊಟ್ಟಾಗಲೆಲ್ಲ ಪರದೆಯ ಮೇಲೆ ನೆಟ್ಟಗೊಂದು ಗೆರೆ ಮೂಡುತ್ತದೆ. ವಾರ್ಡಿನಲ್ಲಿ ಅದನ್ನು ಸ್ಪೈಕ್ ಎನ್ನುತ್ತಾರೆ. ಅದರ ಹಿಂದೆಯೇ ಅಗಲವಾದ ಅಲೆಯೂ, ಅದಕ್ಕೊಂದು ಬಾಲವೂ ಬಂದರೆ ಹೃದಯ ಮಿಡಿತವನ್ನು ಹಿಡಿದಿದೆ ಎಂದರ್ಥ. ಇದೇ ಕ್ಯಾಪ್ಚರ್. ಆದರೆ ಕರೆಂಟಿನಿಂದ ಎದೆಯ ಸ್ನಾಯು ಅದುರಿದಾಗಲೂ ಹೆಚ್ಚುಕಡಿಮೆ ಇಂಥದೇ ಅಲೆ ಕಾಣುತ್ತದೆ. ಪರದೆ 70 ಎಂದು ತೋರಿಸುತ್ತಿರುತ್ತದೆ, ಬೀಪ್ ಶಬ್ದ ಒಂದೇ ಸಮನೆ ಬರುತ್ತಿರುತ್ತದೆ, ಸುತ್ತ ನಿಂತವರಿಗೆ ನಿರಾಳವಾಗುತ್ತದೆ. ಒಳಗೆ ಹೃದಯ ಇನ್ನೂ 28ರಲ್ಲೇ ಇರುತ್ತದೆ. ಅನುಭವಿ ವೈದ್ಯರನ್ನೂ ಮೋಸಗೊಳಿಸುವ ಈ ಸುಳ್ಳು ಕ್ಯಾಪ್ಚರನ್ನು ಗುರುತಿಸುವ ದಾರಿ ಒಂದೇ: ಪರದೆಯನ್ನು ಬಿಟ್ಟು ಮೈಯನ್ನು ಕೇಳುವುದು. ಕುತ್ತಿಗೆಯ ನಾಡಿ ಇಲ್ಲಿ ಆಗದು, ಏಕೆಂದರೆ ಅಲ್ಲಿನ ಸ್ನಾಯುವೂ ಅದುರುತ್ತಿರುತ್ತದೆ. ತೊಡೆಯ ಸಂದಿನ ನಾಡಿ ಹಿಡಿದು ಎಣಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಲೆ ಯಂತ್ರದ ವೇಗಕ್ಕೆ ಹೊಂದುತ್ತದೆಯೇ ನೋಡಬೇಕು. ಅಲ್ಟ್ರಾಸೌಂಡ್ ಹತ್ತಿರವಿದ್ದರೆ ಹೃದಯ ಹಿಂಡುವುದನ್ನೇ ನೋಡಬಹುದು. ರಕ್ತದೊತ್ತಡ ಏರಿದೆಯೇ, ಮಂಕಾಗಿದ್ದವರು ಕಣ್ಣು ಬಿಟ್ಟರೇ ಎಂಬುದು ಕೊನೆಯ ಸಾಕ್ಷಿ. ಕ್ಯಾಪ್ಚರ್ ಖಚಿತವಾದ ಮೇಲೆ ಕರೆಂಟನ್ನು ಆ ಮಟ್ಟಕ್ಕಿಂತ ಸ್ವಲ್ಪ ಮೇಲಿಟ್ಟು, ಕತ್ತಿನ ಅಥವಾ ತೊಡೆಯ ರಕ್ತನಾಳದಿಂದ ತಾತ್ಕಾಲಿಕ ತಂತಿ ಇಳಿಸುವ ತಯಾರಿ ಶುರುಮಾಡಬೇಕು. ಹೊರಗಿನ ಪೇಸಿಂಗ್ ಗಂಟೆಗಳ ಕೆಲಸ, ದಿನಗಟ್ಟಲೆ ನಂಬಿ ಕೂರುವಂಥದಲ್ಲ.

ಪೂರ್ತಿ ನಿಂತುಹೋದ ಹೃದಯಕ್ಕೆ ಈ ಯಂತ್ರದಿಂದ ಪ್ರಯೋಜನವಿಲ್ಲ ಎಂಬುದೂ ಪರೀಕ್ಷೆಯಿಂದ ಗೊತ್ತಾಗಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಆಂಬುಲೆನ್ಸ್ ಸಿಬ್ಬಂದಿ ಹೀಗೆ ಪೇಸಿಂಗ್ ಮಾಡಿ ನೋಡಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಬದುಕುಳಿದವರ ಸಂಖ್ಯೆ ಹೆಚ್ಚಲಿಲ್ಲ. ಅಲ್ಲಿ ಬೇಕಾದದ್ದು ಎದೆ ಒತ್ತುವ ಸಿಪಿಆರ್ ಮತ್ತು ಅಡ್ರಿನಾಲಿನ್. ಹಾಗೆಯೇ ಸಾರ್ವಜನಿಕ ಸ್ಥಳಗಳಲ್ಲಿ ಗೋಡೆಗೆ ನೇತುಹಾಕುವ ಎಇಡಿ ಪೆಟ್ಟಿಗೆ ಪೇಸಿಂಗ್ ಮಾಡುವುದಿಲ್ಲ. ನಿಧಾನ ಹೃದಯದವರಿಗೆ ಅದನ್ನು ಹಚ್ಚಿದರೆ ಶಾಕ್ ಬೇಡ ಎಂದಷ್ಟೇ ಹೇಳುತ್ತದೆ. ಅದರರ್ಥ ರೋಗಿ ಕ್ಷೇಮ ಎಂದಲ್ಲ. ಮಾತಿಗೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದಿದ್ದರೆ ಎದೆ ಒತ್ತಲು ಶುರುಮಾಡಲೇಬೇಕು.

ಬೈಲೂರು ದಾರಿ, ಹೆದ್ದಾರಿ 66

ಉಡುಪಿ ಜಿಲ್ಲೆಯ ಅದೃಷ್ಟ ಅದರ ಭೂಗೋಳದಲ್ಲಿದೆ, ಮತ್ತು ಡಾ. ಟಿ.ಎಂ.ಎ. ಪೈ ಅವರ ದೂರದೃಷ್ಟಿಯಲ್ಲಿದೆ. ಅವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂತು. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಇದೆ. ಕಾರ್ಕಳದಲ್ಲಿ ತಾಲ್ಲೂಕು ಆಸ್ಪತ್ರೆಯೂ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆಯೂ ಇವೆ. ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ತಜ್ಞ ವಿಷಯವೆಂದು ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿದ್ದು 2009ರಲ್ಲಿ. ಅಂದರೆ 'ಎಮರ್ಜೆನ್ಸಿ ಡಾಕ್ಟರ್' ಎಂಬ ವೃತ್ತಿಯೇ ನಮ್ಮಲ್ಲಿ ಹೊಸದು. ಕರ್ನಾಟಕದ 108 'ಆರೋಗ್ಯ ಕವಚ' ಆಂಬುಲೆನ್ಸ್ ಸೇವೆ ಅದಕ್ಕೂ ಒಂದು ವರ್ಷ ಮೊದಲು, 2008ರ ನವೆಂಬರ್ 1ರಂದು ಆರಂಭವಾಗಿತ್ತು.

ಕಾಪುವಿನಲ್ಲಿ ಬಿದ್ದವರು ಹೆದ್ದಾರಿ 66ರಲ್ಲಿ ಕಟಪಾಡಿ, ಉದ್ಯಾವರ ದಾಟಿದರೆ ಉಡುಪಿ. ಇಲ್ಲಿ ದಾರಿ ಚಿಕ್ಕದು. ದೊಡ್ಡ ಆಸ್ಪತ್ರೆಗೆ ನೇರ ಓಡಿಸುವುದೇ ಸರಿ. ಕಾರ್ಕಳದ ಲೆಕ್ಕ ಬೇರೆ. ಬೈಲೂರು, ಹಿರಿಯಡಕ, ಪರ್ಕಳ ಹಾದು ಮಣಿಪಾಲ ಏರುವ ದಾರಿಯಲ್ಲಿ ತಿರುವು ಏರಿಳಿತ ಧಾರಾಳ. ಬಜಗೋಳಿ, ಮಾಳದಂಥ ಘಟ್ಟದ ಬುಡದ ಊರುಗಳಿಂದ ಬರುವವರು ಕಾರ್ಕಳ ತಲುಪುವುದಕ್ಕೇ ಹೊತ್ತು ಬೇಕು. ನಾಡಿ 30ಕ್ಕಿಳಿದ ರೋಗಿಯನ್ನು ಹಾಗೆಯೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ 35 ಕಿಲೋಮೀಟರ್ ಓಡಿಸುವುದಕ್ಕೂ, ಕಾರ್ಕಳದಲ್ಲಿ ಇಸಿಜಿ ತೆಗೆದು, ಪ್ಯಾಡ್ ಹಚ್ಚಿ, ಕ್ಯಾಪ್ಚರ್ ನೋಡಿಕೊಂಡು, ಮಣಿಪಾಲಕ್ಕೆ ಫೋನ್ ಮಾಡಿ ಕಳುಹಿಸುವುದಕ್ಕೂ ಇರುವ ಅಂತರ ಜೀವ ಸಾವಿನ ಅಂತರವಾಗಬಲ್ಲದು. ಗಾಡಿಯ ಕುಲುಕಾಟದಲ್ಲಿ ಪರದೆಯ ಗೆರೆ ಓದಲು ಬಾರದಂತಾಗುವುದರಿಂದ ಜೊತೆಗೆ ಹೋಗುವವರ ಬೆರಳು ನಾಡಿಯ ಮೇಲೆಯೇ ಇರಬೇಕು. ಪೇಸಿಂಗ್ ಬ್ಯಾಟರಿಯನ್ನು ಬೇಗ ತಿನ್ನುವುದರಿಂದ ಯಂತ್ರ ಪೂರ್ತಿ ಚಾರ್ಜ್ ಆಗಿರಬೇಕು.

ಈ ಸರಪಳಿಯ ಮೊದಲ ಕೊಂಡಿಯಾದ ಇಸಿಜಿಯನ್ನು ಹಳ್ಳಿಗೆ ತಲುಪಿಸುವ ಕೆಲಸ ಕರಾವಳಿಯಲ್ಲೇ ನಡೆದಿದೆ. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ವಾಟ್ಸ್‌ಆ್ಯಪ್ ಬಳಗ ಆರಂಭಿಸಿದರು. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ, ಹಳ್ಳಿಯ ವೈದ್ಯರಿಗೆ ದಾನಿಗಳ ನೆರವಿನಿಂದ ಇಸಿಜಿ ಯಂತ್ರ ಕೊಡಿಸುವುದು, ಅವರು ತೆಗೆದ ಇಸಿಜಿಯ ಫೋಟೊ ಗುಂಪಿಗೆ ಬಂದ ಕೂಡಲೇ ತಜ್ಞರು ನೋಡಿ ಸಲಹೆ ಕೊಡುವುದು ಅದರ ರೀತಿ. ಹೃದಯಾಘಾತವನ್ನು ಬೇಗ ಹಿಡಿಯಲೆಂದು ಹುಟ್ಟಿದ ಈ ಏರ್ಪಾಡು ಹಾರ್ಟ್ ಬ್ಲಾಕ್‌ಗೂ ಅಷ್ಟೇ ಉಪಯುಕ್ತ. ಇಸಿಜಿ ಕಾಗದದ ಮೇಲೆ ಸಂಪೂರ್ಣ ಬ್ಲಾಕ್ ತಜ್ಞರ ಕಣ್ಣಿಗೆ ಒಂದೇ ನೋಟಕ್ಕೆ ಬೀಳುತ್ತದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಬಳಿಕ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ತಂದ 'ಹೃದಯ ಜ್ಯೋತಿ' ಯೋಜನೆಯೂ ಇದೇ ಜಾಡಿನದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದ ತಜ್ಞರ ಓದು, ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಬಡವರ ಶಾಶ್ವತ ಪೇಸ್‌ಮೇಕರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಆಸರೆ ಇದೆ.

ಹೀಗೆ ಸರಪಳಿಯ ಎರಡು ತುದಿಗಳು ಗಟ್ಟಿಯಾಗುತ್ತಿವೆ. ಹಳ್ಳಿಯ ಕಡೆ ಇಸಿಜಿ, ಮಣಿಪಾಲದ ಕಡೆ ಕ್ಯಾಥ್ ಲ್ಯಾಬ್. ಇನ್ನು ನೋಡಬೇಕಾದದ್ದು ನಡುವಿನ ಕೊಂಡಿ. ಡಿಫಿಬ್ರಿಲೇಟರ್ ಇದ್ದ ಮಾತ್ರಕ್ಕೆ ಪೇಸಿಂಗ್ ಆಗುವುದಿಲ್ಲ. ಎಲ್ಲ ಮಾದರಿಗಳಲ್ಲೂ ಪೇಸರ್ ಇರುವುದಿಲ್ಲ. ಕೈಯಲ್ಲಿ ಹಿಡಿದು ಒತ್ತುವ ಪ್ಯಾಡಲ್‌ಗಳಿಂದ ಶಾಕ್ ಕೊಡಬಹುದೇ ಹೊರತು ಪೇಸಿಂಗ್ ಮಾಡಲಾಗದು. ಅಂಟುವ ಪ್ಯಾಡೇ ಬೇಕು. ಆ ಪ್ಯಾಡ್ ಒಮ್ಮೆ ಬಳಸಿ ಎಸೆಯುವಂಥದು, ಬೆಲೆ ಜಾಸ್ತಿ. ಅದಕ್ಕೆ ಅವಧಿ ದಿನಾಂಕವೂ ಇದೆ, ದಾಟಿದರೆ ಒಳಗಿನ ಜೆಲ್ ಒಣಗುತ್ತದೆ. ಅಪರೂಪಕ್ಕೆ ಬೇಕಾಗುವ ವಸ್ತುವನ್ನು ಖರೀದಿ ಪಟ್ಟಿಯಿಂದ ಬಿಡುವುದು ಸುಲಭ. ವರ್ಷಕ್ಕೆ ಕೆಲವೇ ಸಲ ಮಾಡುವ ಕೆಲಸದ ಕೈಚಳಕ ಮರೆತುಹೋಗುವುದೂ ಅಷ್ಟೇ ಸುಲಭ.

ಆದ್ದರಿಂದ ಮನೆಯವರಿಗೊಂದು, ಊರಿನವರಿಗೊಂದು ಮಾತು. ಹಿರಿಯರು ತಲೆ ತಿರುಗಿ ಬಿದ್ದರೆ ಅಂಗಾತ ಮಲಗಿಸಿ, ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಐವತ್ತಕ್ಕಿಂತ ಕಡಿಮೆ ಇದ್ದು ಸುಸ್ತೂ ಇದ್ದರೆ 108ಕ್ಕೆ ಕರೆ ಮಾಡುವಾಗ ಆ ಸಂಖ್ಯೆಯನ್ನೇ ಹೇಳಿ. ಬಾಯಿಗೆ ಏನೂ ಕೊಡಬೇಡಿ, ಮಾತ್ರೆಯ ಚೀಟಿಯನ್ನು ಜೊತೆಗೊಯ್ಯಿರಿ. ಎದ್ದು ಕೂತರೂ ಒಂದು ಇಸಿಜಿ ತೆಗೆಸದೆ ಬಿಡಬೇಡಿ. ಇನ್ನು ಊರಿನವರು ಆಸ್ಪತ್ರೆಗೆ ಹೊಸ ಕಟ್ಟಡ, ಹೊಸ ಆಂಬುಲೆನ್ಸ್ ಕೇಳುತ್ತಾರೆ, ದಾನಿಗಳೂ ಉದಾರವಾಗಿ ಕೊಡುತ್ತಾರೆ. ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇನ್ನೂ ಅಗ್ಗದವು: ನಮ್ಮ ಡಿಫಿಬ್ರಿಲೇಟರಿನಲ್ಲಿ ಪೇಸರ್ ಇದೆಯೇ? ಅವಧಿ ಮೀರದ ಪ್ಯಾಡ್ ಒಂದು ಜೊತೆಯಾದರೂ ಕಪಾಟಿನಲ್ಲಿದೆಯೇ? ರಾತ್ರಿ ಪಾಳಿಯಲ್ಲಿರುವವರಲ್ಲಿ ಅದನ್ನು ಹಚ್ಚಿ, ತೊಡೆಯ ನಾಡಿ ಹಿಡಿದು ನೋಡಲು ಕಲಿತವರು ಯಾರು, ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ? ಮೂರಕ್ಕೂ ಉತ್ತರ ಸಿಗುವ ತಾಲ್ಲೂಕಿನಲ್ಲಿ ಮಣಿಪಾಲದ ದಾರಿ ಅಷ್ಟರಮಟ್ಟಿಗೆ ಚಿಕ್ಕದಾಗುತ್ತದೆ.